ಬೋರಮ್ಮನ ಕಾರಿಗೆ ದಪ್ಪ ಟೈರು

ಇರುವೆಗೂ ಆನೆಗೂ ಅವರವರ ಮೈಗೆ ತಕ್ಕ ಪಾದ ಕೊಟ್ಟ ಪಶುಪತಿಯೇ, ನಿನಗೆ ನಮಸ್ಕಾರ. ನಿನ್ನ ಮಕ್ಕಳಿಗೆ ಒಂದು ಕಥೆ ಹೇಳುತ್ತಿದ್ದೇನೆ. ನಾಲಿಗೆ ತಪ್ಪದಂತೆ ಕಾಯಪ್ಪ.

ಒಂದು ಕಾಡಿನಲ್ಲಿ ಬೋರಮ್ಮ ಎಂಬ ಮುಳ್ಳುಹಂದಿ ಇದ್ದಳು. ಅವಳ ಹತ್ತಿರ ಒಂದು ಕೆಂಪು ಸ್ಪೋರ್ಟ್ಸ್ ಕಾರು ಇತ್ತು. ಮೇಲೆ ಮುಚ್ಚಿಗೆ ಇಲ್ಲದ ಕಾರು. ಮುಚ್ಚಿಗೆ ಇದ್ದರೆ ಬೆನ್ನಿನ ಮುಳ್ಳುಗಳನ್ನು ಎಲ್ಲಿಡುವುದು?

ಆ ಕಾಡಿನ ನಡುವೆ ಒಂದು ಬೆಟ್ಟ. ಬೆಟ್ಟದ ನೆತ್ತಿಯ ಮೇಲೆ ಶಿವನ ಗುಡಿ. ಪ್ರತಿ ವರ್ಷ ಕಡೆಯ ಕಾರ್ತಿಕ ಸೋಮವಾರದ ಬೆಳಿಗ್ಗೆ ಕಾರು ಇದ್ದ ಪ್ರಾಣಿಗಳೆಲ್ಲ ಹೊಳೆಯಲ್ಲಿ ಬಿಂದಿಗೆ ತುಂಬಿಕೊಂಡು ಬೆಟ್ಟದ ತುದಿಗೆ ಓಟದ ಪಂದ್ಯ ಕಟ್ಟುತ್ತಿದ್ದವು. ಮೊದಲು ಮುಟ್ಟಿದವರ ನೀರಿನಿಂದ ಸ್ವಾಮಿಗೆ ಮೊದಲ ಅಭಿಷೇಕ. ನೈವೇದ್ಯದ ಜೇನುಗಡಿಗೆಯೂ ಅವರಿಗೇ.

ಬೋರಮ್ಮನಿಗೆ ಜೇನಿನ ಆಸೆ ಇರಲಿಲ್ಲ. ಅವಳ ಮಗಳು ಚೆನ್ನಿ ಒಮ್ಮೆ ಜ್ವರದಿಂದ ಕಣ್ಣು ಬಿಡದೆ ಮಲಗಿದ್ದಳು. "ಶಿವನೇ, ಕೂಸು ಎದ್ದು ಕೂತರೆ ಓಟದ ದಿನ ಮೊದಲ ಬಿಂದಿಗೆ ನನ್ನದು" ಎಂದು ಬೋರಮ್ಮ ಹರಕೆ ಹೊತ್ತಳು. ಕೂಸು ಎದ್ದು ಕೂತಿತು. ಆದರೆ ಹೋದ ವರ್ಷದ ಓಟದಲ್ಲಿ ಸವೆದ ಟೈರು ತಿರುವಿನಲ್ಲಿ ಜಾರಿತು. ನರಿ ಕೆಂಚಪ್ಪ ಮುಂದೆ ನುಗ್ಗಿ ಗೆದ್ದುಬಿಟ್ಟ. ಸ್ವಾಮಿ ಕೊನೆಯ ಬಿಂದಿಗೆಯನ್ನೂ ಬೇಡ ಅನ್ನುವವನಲ್ಲ. ಆದರೂ ಹೆತ್ತವಳು ಕೊಟ್ಟ ಮಾತು ಹೆತ್ತವಳಿಗೆ ದೊಡ್ಡದು. ಹರಕೆ ತೀರದೆ ಬೋರಮ್ಮನಿಗೆ ಅನ್ನ ಸೇರುತ್ತಿರಲಿಲ್ಲ.

ಈ ವರ್ಷ ಓಟದ ಮುನ್ನಾದಿನ ಅವಳು ಟೈರು ಬದಲಿಸಲು ಹೊರಟಳು. ಕಾಡಿನಲ್ಲಿ ಇದ್ದದ್ದು ಒಂದೇ ಟೈರಿನ ಅಂಗಡಿ. ಅದೂ ಕೆಂಚಪ್ಪನದೇ!

"ಬಾ ಬೋರಕ್ಕ, ಬಾ! ಸ್ವಲ್ಪ ದೂರಾನೇ ನಿಲ್ಲು ತಾಯಿ. ನಿನ್ನ ಮೈಮೇಲಿರೋದು ಮುಳ್ಳು, ನನ್ನ ಅಂಗಡೀಲಿರೋದು ಗಾಳಿ."

"ತಮಾಷೆ ಸಾಕು ಕೆಂಚಣ್ಣ. ಹಳೇದಕ್ಕಿಂತ ಒಂದು ಚೂರು ಅಗಲದ ಟೈರು ಹಾಕು. ತಿರುವಲ್ಲಿ ಜಾರಬಾರದು, ಅಷ್ಟೇ."

ಕೆಂಚಪ್ಪನ ಕಣ್ಣು ಮಿನುಗಿತು. ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದಪ್ಪ ಟೈರನ್ನು ಉರುಳಿಸಿಕೊಂಡು ಬಂದ.

"ಚೂರು ಯಾಕಕ್ಕ? ಅಗಲ ಆದಷ್ಟೂ ಹಿಡಿತ ಜಾಸ್ತಿ. ಆನೆ ಪಾದ ನೋಡು, ಎಷ್ಟು ಅಗಲ! ಆನೆ ಯಾವತ್ತಾದ್ರೂ ಜಾರಿ ಬಿದ್ದದ್ದು ಕಂಡಿದ್ದೀಯಾ?"

"ಆನೆ ಓಟ ಗೆದ್ದದ್ದೂ ಕಂಡಿಲ್ಲ" ಎಂದಳು ಬೋರಮ್ಮ.

"ಆನೆಗೆ ನಿನ್ನ ಇಂಜಿನ್ ಇಲ್ವಲ್ಲ!"

ಬೋರಮ್ಮ ನಕ್ಕುಬಿಟ್ಟಳು. ನಕ್ಕವಳು ಒಪ್ಪಿಯೂಬಿಟ್ಟಳು. ಕೆಂಚಪ್ಪ ನಾಲ್ಕೂ ಚಕ್ರಕ್ಕೆ ದಪ್ಪ ಟೈರು ಹಾಕಿದ. ನಿಂತ ಕಾರು ಪೈಲ್ವಾನನ ಹಾಗೆ ಕಂಡಿತು. ಸ್ಟೇರಿಂಗ್ ತಿರುಗಿಸಿದರೆ ಆ ಟೈರು ಮಡ್ಗಾರ್ಡಿಗೆ ಉಜ್ಜುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹಾಕಿದ್ದು.

"ಅಕ್ಕ, ಹೊಸ ಟೈರು. ಸುಮ್ಮನೆ ಅಲ್ಲಿ ಇಲ್ಲಿ ಸುತ್ತಬೇಡ. ನೆಟ್ಟಗೆ ಮನೆಗೆ ಹೋಗು. ಪೂಜೆ ಗೀಜೆ ಎಲ್ಲ ಗೆದ್ದ ಮೇಲೆ ಮಾಡಿಸು" ಎಂದ.

"ಅಯ್ಯೋ, ಪೂಜೆ ಆಗದೆ ಗಾಡಿ ಓಡಿಸೋದುಂಟಾ? ಬಿಡ್ತು ಅನ್ನು!" ಎಂದು ಬೋರಮ್ಮ ಹೊರಟೇಬಿಟ್ಟಳು.

ಆ ಕಾಡಿನಲ್ಲಿ ಒಂದು ಪದ್ಧತಿ ಇತ್ತು. ಗಾಡಿಗೆ ಹೊಸದೇನು ಹಾಕಿದರೂ ಅರಳಿಮರದ ಗಣಪನ ಮುಂದೆ ನಿಲ್ಲಿಸಬೇಕು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು ಮಂಗಳಾರತಿ ಮಾಡಬೇಕು. ಆಮೇಲೆ ಗಾಡಿಯಲ್ಲೇ ಮರಕ್ಕೊಂದು ಪ್ರದಕ್ಷಿಣೆ ಹಾಕಬೇಕು. ಕಟ್ಟೆಯ ಸುತ್ತ ಜಾಗ ಇಕ್ಕಟ್ಟು. ಸ್ಟೇರಿಂಗನ್ನು ಪೂರ್ತಿ ತಿರುಗಿಸದೆ ಸುತ್ತಲಾಗದು.

ಪೂಜಾರಿ ಕರಡಿ ಜಾಂಬಯ್ಯನವರು ಆರತಿ ಎತ್ತಿದರು. ಕಾರು ಮುಂದೆ ಹೋಯಿತು. ನಿಂಬೆಹಣ್ಣುಗಳು ಪಚಕ್ಕೆಂದವು. ಬೋರಮ್ಮ ಕೈಮುಗಿದು ಸ್ಟೇರಿಂಗ್ ತಿರುಗಿಸಿದಳು.

ಕರ್ರ್... ಕರ್ರ್ರ್...

"ಏನವ್ವ, ನಿನ್ನ ಕಾರು ಹಲ್ಲು ಕಡೀತಾ ಇದೆ?" ಎಂದು ಜಾಂಬಯ್ಯನವರು ಆರತಿ ತಟ್ಟೆ ಕೆಳಗಿಟ್ಟು ಬಗ್ಗಿ ನೋಡಿದರು. ರಬ್ಬರು ಕಿತ್ತು ಬಂದಿತ್ತು. ಸುಟ್ಟ ವಾಸನೆ ಹೊಡೆಯಿತು. "ಸಣ್ಣ ಹೆಂಚಿನ ಮೇಲೆ ದೊಡ್ಡ ದೋಸೆ ಹುಯ್ದ ಹಾಗಿದೆಯಲ್ಲವ್ವ ಇದು! ಬೆಟ್ಟದ ತಿರುವಲ್ಲಿ ಇದು ಹರಿದಿದ್ದರೆ ನಿನ್ನ ಗತಿ?"

ಬೋರಮ್ಮನ ಮುಳ್ಳುಗಳೆಲ್ಲ ನೆಟ್ಟಗೆ ನಿಂತವು. "ಗಣಪ್ಪ, ನೀನೇ ತೋರಿಸಿಕೊಟ್ಟೆ" ಎಂದು ಕೆನ್ನೆ ಬಡಿದುಕೊಂಡಳು. ಕಾರನ್ನು ಮೆಲ್ಲಗೆ ಕೆಂಚಪ್ಪನ ಅಂಗಡಿಗೆ ವಾಪಸ್ ಓಡಿಸಿಕೊಂಡು ಬಂದಳು. ಜಾಂಬಯ್ಯನವರೂ ಬಂದರು. ಸುದ್ದಿ ಕೇಳಿ ಅಳಿಲುಗಳ ಹಿಂಡೂ ಬಂತು.

"ಕೆಂಚಣ್ಣ, ಟೈರು ಉಜ್ಜುತ್ತೆ!"

"ಉಜ್ಜೋದಲ್ಲಕ್ಕ, ಅದು ಹೊಂದಿಕೊಳ್ಳೋದು" ಎಂದ ನರಿ, ನಾಚಿಕೆಯಿಲ್ಲದೆ. "ಇಂಥ ಟೈರು ಕಾಡಲ್ಲೇ ಇಲ್ಲ. ಇದರ ಬೆಲೆ ನಿನಗೆ ತಿಳೀದು. ಇನ್ನೊಂದು ಜೊತೆ ಇದ್ದಿದ್ದರೆ ನಾನೇ ಹಾಕ್ಕೊಳ್ತಿದ್ದೆ."

"ಹಾಗಾದ್ರೆ ಇವನ್ನೇ ಹಾಕ್ಕೋ ಮಾಮ!" ಎಂದು ಅಳಿಲೊಂದು ಕಿರುಚಿತು. "ಹೌದು ಮಾಮ, ಹಾಕ್ಕೋ!" ಎಂದು ಹಿಂಡೆಲ್ಲ ಕುಣಿಯಿತು.

ಕೆಂಚಪ್ಪ ಮನಸ್ಸಲ್ಲೇ ಲೆಕ್ಕ ಹಾಕಿದ. ಬೇಡ ಅಂದರೆ ಸುಳ್ಳು ಬಯಲಾಗುತ್ತದೆ. ನಾಳೆಯಿಂದ ಅಂಗಡಿಗೆ ನೊಣವೂ ಬರುವುದಿಲ್ಲ. "ಅದಕ್ಕೇನಂತೆ" ಎಂದು ಹಲ್ಲು ಕಿರಿಯುತ್ತ ದಪ್ಪ ಟೈರುಗಳನ್ನು ತನ್ನ ಕಾರಿಗೆ ಹಾಕಿಕೊಂಡ. ಮನೆಗೆ ಹೋಗಿ ಮೆಲ್ಲಗೆ ಬಿಚ್ಚಿದರಾಯಿತು ಎಂದುಕೊಂಡ.

ಬೋರಮ್ಮ ಈ ಸಲ ನಗಲಿಲ್ಲ. ಹಳೆಯದಕ್ಕಿಂತ ಒಂದೇ ಒಂದು ಚೂರು ಅಗಲದ ಟೈರು ಹಾಕಿಸಿದಳು. ಸ್ಟೇರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಟೈರಿಗೂ ಮಡ್ಗಾರ್ಡಿಗೂ ನಡುವೆ ತನ್ನ ಪಂಜ ತೂರಿಸಿ ನೋಡಿದಳು. ಸಲೀಸಾಗಿ ತೂರಿತು. ಮತ್ತೆ ಮರ ಸುತ್ತಿದಳು. ಕಾರು ಸದ್ದೇ ಮಾಡಲಿಲ್ಲ.

ಇತ್ತ ಅಳಿಲುಗಳು ಕೆಂಚಪ್ಪನ ಬೆನ್ನು ಬಿಡಲಿಲ್ಲ. ಅವನ ಅಂಗಳದಲ್ಲಿ ಟೈರಿನ ಮೇಲೆಯೇ ಕೂತು, "ಆಹಾ, ಎಷ್ಟು ಮೆತ್ತಗಿದೆ ಮಾಮ!" ಎನ್ನುತ್ತ ಅಲ್ಲೇ ನಿದ್ದೆ ಹೋದವು. ಬಿಚ್ಚುವುದೆಲ್ಲಿಂದ ಬಂತು?

ಬೆಳಗಾಯಿತು. ಬಿಂದಿಗೆಗಳು ತುಂಬಿದವು. ಕಹಳೆ ಕೂಗಿತು. ನೇರ ದಾರಿಯಲ್ಲಿ ಕೆಂಚಪ್ಪನೇ ಮುಂದು. ತಿರುವಿನಲ್ಲಿ ನಿಧಾನ ಹೋಗಬೇಕೆಂದು ಅವನಿಗೂ ಗೊತ್ತಿತ್ತು. ಆದರೆ ಹಿಂದೆ ಕೆಂಪು ಕಾರು ಕಂಡಿತು. ಜೇನುಗಡಿಗೆ ನೆನಪಾಯಿತು. ಬ್ರೇಕಿನ ಮೇಲಿದ್ದ ಕಾಲು ಮೇಲೆದ್ದಿತು.

ಕರ್ರ್ರ್... ಢಮಾರ್!

ಕಾರು ದಾರಿ ಬಿಟ್ಟು, ಎಮ್ಮೆಗಳು ಮಲಗಿದ್ದ ಕೆಸರುಗುಂಡಿಗೆ ಬಿತ್ತು. "ಸ್ನಾನಕ್ಕೆ ಕಾರಲ್ಲಿ ಬರೋ ಗಿರಾಕಿ ಇವನೇ ಮೊದಲು ಕಣೇ" ಎಂದಿತು ಒಂದು ಎಮ್ಮೆ.

ಬೋರಮ್ಮ ಕಾರು ನಿಲ್ಲಿಸಿದಳು. "ಕೆಂಚಣ್ಣ, ಪೆಟ್ಟಾಯ್ತಾ?"

"ಮೈಗೆ ಆಗಿಲ್ಲ" ಎಂದ ಕೆಂಚಪ್ಪ, ಬಾಯೊಳಗಿನ ಕೆಸರು ಉಗುಳುತ್ತ. "ಹೋಗು ಅಕ್ಕ, ಹಿಂದಿನವರು ಬಂದಾರು."

ಬೋರಮ್ಮ ಒಂದೊಂದು ತಿರುವಿಗೂ ಶಿವನಾಮ ಹೇಳುತ್ತ ಹತ್ತಿದಳು. ಟೈರು ರಸ್ತೆಯನ್ನು ಕಚ್ಚಿ ಹಿಡಿಯಿತು. ಎಲ್ಲರಿಗಿಂತ ಮೊದಲು ಗುಡಿ ಮುಟ್ಟಿದಳು. ಬಿಂದಿಗೆಯ ನೀರು ಲಿಂಗದ ಮೇಲೆ ಇಳಿಯುವಾಗ ಅವಳ ಕಣ್ಣಿನಿಂದಲೂ ನೀರು ಇಳಿಯಿತು. ಗುಡಿಯಲ್ಲಿ ಕಾಯುತ್ತಿದ್ದ ಚೆನ್ನಿ ತಾಯಿಯ ಸೆರಗು ಎಳೆದಳು.

"ಅವ್ವಾ, ಸ್ವಾಮಿಗೆ ಚಳಿ ಆಗಲ್ವಾ?"

"ಹೆತ್ತವಳು ಎರೆದ ನೀರು ಮಗಳೇ, ಬೆಚ್ಚಗೇ ಇರುತ್ತೆ" ಎಂದರು ಅಭಿಷೇಕಕ್ಕೆಂದು ಬೆಟ್ಟಕ್ಕೆ ಬಂದಿದ್ದ ಜಾಂಬಯ್ಯನವರು.

ಬಿಸಿಲೇರುವ ಹೊತ್ತಿಗೆ ಕೆಂಚಪ್ಪ ನಡೆದುಕೊಂಡು ಬಂದ. ಮೈಯೆಲ್ಲ ಕೆಸರು. ಕಂಬದ ಮರೆಯಲ್ಲಿ ನಿಂತ. ಬೋರಮ್ಮ ಜೇನುಗಡಿಗೆಯನ್ನು ಅವನ ಮುಂದೆಯೇ ತಂದಿಟ್ಟಳು.

"ನನಗಾ? ಎಷ್ಟು ತಗೊಳ್ಳಲಿ?" ಎಂದ ಅವನು, ತಲೆ ಎತ್ತದೆ.

"ಟೈರಿಗೆ ಅಳತೆ ಬೇಕು ಕೆಂಚಣ್ಣ, ಪ್ರಸಾದಕ್ಕೆ ಬೇಡ. ತಗೋ."

ಅಂದಿನಿಂದ ಆ ಅಂಗಡಿಗೆ ಯಾರು ಬಂದರೂ ಕೆಂಚಪ್ಪ ಮೊದಲು ಸ್ಟೇರಿಂಗ್ ತಿರುಗಿಸಿ ನೋಡುತ್ತಿದ್ದ. ಆಮೇಲೆಯೇ ಟೈರಿಗೆ ಕೈ ಹಾಕುತ್ತಿದ್ದ.

ನೀತಿ: ನಮ್ಮ ಅಳತೆಗೆ ಹೊಂದುವುದೇ ನಮಗೆ ಒಳ್ಳೆಯದು, ಇನ್ನೊಬ್ಬರನ್ನು ಕೆಡವಲು ಕೊಟ್ಟ ಸಲಹೆ ಕೊಟ್ಟವನನ್ನೇ ಕೆಡವುತ್ತದೆ.

ಕಥೆ ಕೇಳಿದ ಮಕ್ಕಳಿಗೂ, ಮಡಿಲಲ್ಲಿ ಕೂರಿಸಿಕೊಂಡು ಕೇಳಿಸಿದ ಹಿರಿಯರಿಗೂ, ನಡುವೆ ನಿದ್ದೆ ಹೋದ ಕಂದಮ್ಮಗಳಿಗೂ ಪಶುಪತಿಯು ನೇರ ದಾರಿಯಲ್ಲೂ ತಿರುವಿನಲ್ಲೂ ಜೊತೆಯಾಗಿರಲಿ. ಹೊರಟವರೆಲ್ಲ ಸುಖವಾಗಿ ಮನೆ ಸೇರಲಿ.