ಉಸಿರಾಡುವ ಗೋಡೆಗೆ ಸಹಿ

ನಮ್ಮೂರ ಗಾರೆ ಮೇಸ್ತ್ರಿ ಬೋರಣ್ಣನಂಥ ಜಾಣ ಸುತ್ತ ಏಳು ಹಳ್ಳಿಯಲ್ಲಿ ಇಲ್ಲ. ಇದ್ದರೆ ಕರ್ಕೊಂಡು ಬನ್ನಿ, ನೋಡೇಬಿಡೋಣ. ಇಡ್ಲಿ ಮಾರುವ ದ್ಯಾವೀರಕ್ಕನ ಹಳೇ ಇಟ್ಟಿಗೆ ಮನೆಯನ್ನು ಕರೆಂಟು ಉಳಿಸೋಕೆ ಮನೆಯಲ್ಲಿ ಗಾಳಿ ಸೋರಬಾರದು ಅನ್ನುವ ಹೊಸ ಕಾಯಿದೆಗೆ ತಕ್ಕಂತೆ ರಿಪೇರಿ ಮಾಡಿದ್ದು ಅವನೇ. ತಪಾಸಣೆಗೆ ಬಂದ ಸಾಹೇಬರು ನಡುಮನೆಯ ಗೋಡೆ ಮುಂದೆ ಊದುಬತ್ತಿ ಹಿಡಿದರು. ಹೊಗೆ ಗೋಡೆಯತ್ತ ವಾಲಿತು.

“ಗಾಳಿ ಸೋರ್ತಿದೆ, ಕರೆಂಟು ದಂಡ! ಈ ಗೋಡೆ ಕೆಡವು, ಇಲ್ಲಾಂದ್ರೆ ಮನೆಗೆ ಬೀಗ.”

ಗೋಡೆ ಕೆಡವಿದರೆ ಸೂರೇ ಕುಸಿದು ದ್ಯಾವೀರಕ್ಕ ಬೀದಿಪಾಲು. ಬೋರಣ್ಣ ಗೋಡೆಗೆ ಕಿವಿಯಿಟ್ಟ.

“ಮೆತ್ತಗೆ ಮಾತಾಡಿ ಸಾರ್. ಎರಡೂ ಕಡೆ ನಾನೇ ಗಾರೆ ಮೆತ್ತಿದ್ದೀನಿ, ಇರುವೆ ನುಗ್ಗೋಕೂ ಜಾಗ ಇಲ್ಲ. ಇದು ಸೋರಿಕೆ ಅಲ್ಲ. ನೋಡ್ತಾ ಇರಿ.”

ಹೊಗೆ ನಿಧಾನವಾಗಿ ಸಾಹೇಬರ ಮುಖಕ್ಕೇ ಬಂತು. ಮತ್ತೆ ಗೋಡೆಯತ್ತ ಹೋಯಿತು. ಮತ್ತೆ ಬಂತು, ಮಲಗಿದವರು ಉಸಿರಾಡುವ ಹಾಗೆ.

“ಕೆಡವೋಕೆ ನಾನು ರೆಡಿ ಸಾರ್. ಎಬ್ಬಿಸೋಕೆ ಹೇಳಿದ್ದು ಯಾರು ಅಂತ ನಿಮ್ಮ ಹೆಸರು ಬರೆದುಕೊಡಿ. ಗೋಡೆ ಎದ್ದು ಕೇಳಿದ್ರೆ ತೋರಿಸ್ತೀನಿ.”

ಸಾಹೇಬರು ಊದುಬತ್ತಿ ಆರಿಸಿದರು. ‘ಸೋರಿಕೆ ಇಲ್ಲ’ ಎಂದು ಬರೆದು, ಸಹಿ ಹಾಕಿ, ಚಪ್ಪಲಿ ಕೈಯಲ್ಲಿ ಹಿಡಿದೇ ಜೀಪು ಹತ್ತಿದರು.

ಬೋರಣ್ಣ ಮೀಸೆ ತಿರುವಿ ಹಿತ್ತಲ ಕಡೆ ಕೂಗಿದ: “ಸಾಕು ಬಿಡಕ್ಕಾ! ಹೇಳಿಕೊಟ್ಟ ಹಾಗೇ ಹಿತ್ತಲ ಬಾಗಿಲು ಆಡಿಸಿ ಹೊಗೆ ಚೆನ್ನಾಗಿ ಕುಣಿಸಿದೆ.”

ದ್ಯಾವೀರಕ್ಕ ಕೊಡ ಹೊತ್ತು ಬೀದಿಯಿಂದ ಒಳಗೆ ಬಂದಳು. “ಅಯ್ಯೋ, ಮರ್ತೇಹೋಯ್ತು ಕಣಣ್ಣ. ನಲ್ಲೀಲಿ ನೀರು ಬಂತು ಅಂತ ಆಗಲೇ ಹೋದೆ. ಹಿತ್ತಲ ಬಾಗಿಲಿಗೆ ಚಿಲಕ ಹಾಕಿತ್ತಲ್ಲ!”

ಬೋರಣ್ಣ ಉಳಿ ತಗೊಂಡು, ತಾನೇ ಮೆತ್ತಿದ ಗಾರೆಯಲ್ಲಿ ಮೂಗಿನ ಎತ್ತರಕ್ಕೆ ಬೆರಳು ತೂರುವಷ್ಟು ತೂತು ಕೊರೆದು, ಗೋಡೆಯ ಉಸಿರಿಗೆ ಅಡ್ಡ ಆಗದ ಹಾಗೆ ಪಕ್ಕಕ್ಕೆ ಸರಿದು ನಿಂತ.