ಇಲ್ಲಿ ಅಣಬೆ ಏಳುತ್ತಿಲ್ಲ

ಶಿಷ್ಯನು ಕೇಳಿದನು: "ಗುರುಗಳೇ, ಕಂಡದ್ದನ್ನು ಕಂಡ ಹಾಗೆಯೇ ಹೇಳಿದವನು ತಪ್ಪಿತಸ್ಥನಾಗುತ್ತಾನೆಯೇ?"

ಹೀಗೆ ಕೇಳಲು ಕಾರಣವಿತ್ತು. ಮಠದ ಅಡುಗೆಯವನಾದ ಶರಭಯ್ಯನು ಉಗ್ರಾಣದಿಂದ ಗಂಟು ಹೊತ್ತು ಹೊರಬಂದದ್ದನ್ನು ಅವನು ಕಂಡಿದ್ದನು. ಕಂಡದ್ದನ್ನು ಹಿರಿಯರಿಗೆ ಹೇಳಿದನು. ಹಿರಿಯರು ವಿಚಾರಣೆಗೆ ಕರೆದರು. ಶರಭಯ್ಯನು ಒಂದು ಮಾತನ್ನೂ ಆಡದೆ ಮಠ ಬಿಟ್ಟು ಹೋದನು. ಗಂಟಿನಲ್ಲಿ ಇದ್ದದ್ದು ಹರಿದ ಗೋಣಿಚೀಲಗಳು, ಹೊಲಿಸಲೆಂದು ಒಯ್ದವು ಎಂದು ಆಮೇಲೆ ತಿಳಿಯಿತು. ಶಿಷ್ಯನು ಸುಳ್ಳಾಡಿರಲಿಲ್ಲ. ಆದರೂ ಕೆಲವು ದಿನಗಳಿಂದ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ.

ಗುರುಗಳು ಕುಳಿತುಕೊಳ್ಳಲು ಹೇಳಿ, ಈ ಕತೆಯನ್ನು ಹೇಳಿದರು.

ಒಬ್ಬ ವಿಜ್ಞಾನಿ ಇದ್ದಳು. ಇಂದುಮತಿ ಎಂದು ಹೆಸರು. ಮಣ್ಣೊಳಗಿನ ಶಿಲೀಂಧ್ರಗಳನ್ನು ಅರಿಯುವುದು ಆಕೆಯ ಕೆಲಸ. ನಾವು ನೆಲದ ಮೇಲೆ ಅಣಬೆ ಎಂದು ಕಾಣುವುದು ಶಿಲೀಂಧ್ರದ ಒಂದು ಚೂರು ಮಾತ್ರ. ಉಳಿದದ್ದೆಲ್ಲ ನೆಲದೊಳಗೆ, ಕೂದಲಿಗಿಂತ ತೆಳುವಾದ ಬಿಳಿ ಎಳೆಗಳಾಗಿ ಹಬ್ಬಿರುತ್ತದೆ. ಆ ಎಳೆಗಳು ಕೊಳೆತ ಕಸದಿಂದ ಸಾರಜನಕವನ್ನು ಬಿಡಿಸಿ ಹುಲ್ಲಿನ ಬೇರಿಗೆ ಮುಟ್ಟಿಸುತ್ತವೆ. ಹುಲ್ಲು ಗಾಳಿಯಿಂದ ಹಿಡಿದ ಇಂಗಾಲದಲ್ಲಿ ಒಂದು ಪಾಲನ್ನು ಸಕ್ಕರೆಯಾಗಿ ಅವಕ್ಕೆ ಕೊಡುತ್ತದೆ. ಎಳೆಗಳು ಸತ್ತ ಮೇಲೂ ಆ ಇಂಗಾಲ ಸ್ವಲ್ಪ ಮಣ್ಣಿನಲ್ಲೇ ನಿಲ್ಲುತ್ತದೆ. ಈ ಕೊಡುಕೊಳ್ಳುವಿಕೆ ಕಡಿದುಹೋದರೆ ಇಂಗಾಲ ಮತ್ತೆ ಗಾಳಿಗೆ ಸೇರುತ್ತದೆ, ಮಣ್ಣು ಬಡವಾಗುತ್ತದೆ.

ಒಂದು ಕಾವಲಿತ್ತು. ಮರ ಕಡಿಮೆ, ಹುಲ್ಲು ಹೆಚ್ಚು. ಸುತ್ತಲಿನ ಹಟ್ಟಿಗಳ ನಲವತ್ತು ಕುರಿಮಂದೆಗಳು ತಲೆತಲಾಂತರದಿಂದ ಅಲ್ಲಿ ಮೇಯುತ್ತಿದ್ದವು. ಕುರಿಗಳ ತುಳಿತದಿಂದ ಆ ಮಣ್ಣಿನ ಇಂಗಾಲ ಕಡಿಮೆಯಾಗುತ್ತಿದೆಯೇ ಎಂದು ಸರ್ಕಾರಕ್ಕೆ ತಿಳಿಯಬೇಕಾಗಿತ್ತು. ಇಂದುಮತಿಯನ್ನು ಕಳುಹಿಸಿದರು.

ಆಕೆ ಕಾವಲಿನಲ್ಲಿ ಮೊಳವುದ್ದ ಮೊಳವಗಲದ ಹನ್ನೆರಡು ಚೌಕಗಳನ್ನು ಗುರುತು ಮಾಡಿದಳು. ಹದಿನೈದು ದಿನಕ್ಕೊಮ್ಮೆ ಆ ಚೌಕಗಳಲ್ಲೇ ಅಗೆಸಿ, ಹಿಡಿ ಮಣ್ಣು ತೆಗೆದು, ಗುಂಡಿ ಮುಚ್ಚಿಸುತ್ತಿದ್ದಳು. ಜಾಗ ಬದಲಾದರೆ ಹೋಲಿಕೆ ಕೆಡುತ್ತದೆ ಎಂದು ಒಂದು ಗೇಣೂ ಆಚೆ ಹೋಗುತ್ತಿರಲಿಲ್ಲ. ಕಾವಲಿನ ಪಕ್ಕದಲ್ಲಿ ಹತ್ತು ವರ್ಷದಿಂದ ಬೇಲಿಯೊಳಗಿದ್ದ ನೆಲವೊಂದಿತ್ತು. ಅದರೊಳಗೆ ಕುರಿ ಹೋಗುತ್ತಿರಲಿಲ್ಲ. ಅದರ ಬೀಗದ ಕೈ ದೂರದ ಕಚೇರಿಯಲ್ಲಿತ್ತು. ಆದ್ದರಿಂದ ಅಲ್ಲಿ ಮೊದಲೊಮ್ಮೆ, ಕೊನೆಗೊಮ್ಮೆ, ಎರಡೇ ಸಲ ಮಣ್ಣು ತೆಗೆದಳು.

ಅಗೆಯುವ ಕೆಲಸಕ್ಕೆ ಹಟ್ಟಿಯ ಓಬಕ್ಕ ಬರುತ್ತಿದ್ದಳು. ಆಕೆಯ ಮನೆಯ ಕುರಿಗಳೂ ಅದೇ ಕಾವಲಿನಲ್ಲಿ ಮೇಯುತ್ತಿದ್ದವು. ಇಬ್ಬರೂ ಮೂರು ವರ್ಷ ಒಂದೇ ಬುತ್ತಿ ಬಿಚ್ಚಿ ಉಂಡರು. ಎರಡನೆಯ ವರ್ಷದ ಮಳೆಗಾಲದಲ್ಲಿ ಓಬಕ್ಕ ಸಲಿಕೆ ಊರಿ ನಿಂತು, "ಇಲ್ಲಿ ಅಣಬೆ ಏಳ್ತಿಲ್ಲ ಕಣಮ್ಮಾ" ಎಂದಳು. ಇಂದುಮತಿಗೆ ಆ ಮಾತು ಬಹಳ ಮುಖ್ಯವೆನಿಸಿತು. ಪುಸ್ತಕ ತೆರೆದು ಬರೆದುಕೊಂಡಳು: ಕಾವಲಿನಲ್ಲಿ ಅಣಬೆ ಏಳುತ್ತಿಲ್ಲ ಎಂದು ಹಟ್ಟಿಯವರೇ ಹೇಳುತ್ತಾರೆ.

ಮೂರು ವರ್ಷ ಮುಗಿಯಿತು. ಕುರಿ ಮೇಯುವ ನೆಲದ ಹನ್ನೆರಡು ಚೌಕಗಳಲ್ಲಿ ಇಂಗಾಲ ಇಳಿದಿತ್ತು, ಸಾರಜನಕ ಇಳಿದಿತ್ತು, ಬಿಳಿ ಎಳೆಗಳು ತುಂಡುತುಂಡಾಗಿದ್ದವು. ಬೇಲಿಯೊಳಗಿನ ನೆಲ ಮೊದಲಿನಂತೆಯೇ ಇತ್ತು. ಆಕೆ ಒಂದು ಅಂಕಿಯನ್ನೂ ಹೆಚ್ಚಿಸಲಿಲ್ಲ, ಒಂದನ್ನೂ ಬಿಡಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದು ಕಳುಹಿಸಿದಳು. ಹತ್ತು ವರ್ಷ ಕಾವಲಿಗೆ ಕುರಿ ಬಿಡಬಾರದು ಎಂದು ಆಜ್ಞೆಯಾಯಿತು. ಇಂದುಮತಿಗೆ ಹಿರಿಯ ಹುದ್ದೆ ಸಿಕ್ಕಿತು. ನಲವತ್ತು ಮಂದೆಗಳಲ್ಲಿ ಕೆಲವು ಗಡಿ ದಾಟಿ ಹೋದವು, ಕೆಲವು ಸಂತೆಗೆ ಹೋದವು. ತಾನು ಅಗೆದ ಮಣ್ಣೇ ತನ್ನ ಕುರಿಗಳ ಮೇಲೆ ಸಾಕ್ಷಿ ನುಡಿಯಿತು ಎಂಬುದು ಓಬಕ್ಕನಿಗೆ ತಿಳಿಯಲಿಲ್ಲ. ಯಾರೂ ಹೇಳಲಿಲ್ಲ.

ಮರುವರ್ಷದ ಮಳೆಗಾಲದಲ್ಲಿ ಇಂದುಮತಿ ಮತ್ತೊಮ್ಮೆ ಕಾವಲಿಗೆ ಬಂದಳು. ಓಬಕ್ಕನಿಗೆ ಹೇಳಿಕಳುಹಿಸಿದಳು. ಒಂದು ಚೌಕದ ಮೇಲೆ ಗೆದ್ದಲು ಹುತ್ತ ಕಟ್ಟಿತ್ತು. ಅದನ್ನು ಕೆಡಹುವುದು ಬೇಡವೆಂದು, ಹತ್ತು ಹೆಜ್ಜೆ ಆಚೆ ಅಗೆಯಲು ಹೇಳಿದಳು. ಅದು ಕುರಿಗಳು ಹೋದ ವರ್ಷದವರೆಗೂ ದಿನವೂ ತುಳಿದ ನೆಲ. ಸಲಿಕೆಗೆ ಬಂದ ಹೆಂಟೆ ಕಪ್ಪಗಿತ್ತು. ಒಡೆದರೆ ತುಂಬ ಬಿಳಿ ಎಳೆ.

ಇಂದುಮತಿ ಇನ್ನೊಂದು ಹೆಂಟೆ ತೆಗೆದು ಒಡೆದಳು, ಅದರಲ್ಲೂ ಹಾಗೆಯೇ ಇತ್ತು. ಓಬಕ್ಕನಿಗೆ ಮಾತ್ರ ಆಶ್ಚರ್ಯವೇನೂ ಆದಂತಿರಲಿಲ್ಲ.

"ಇಲ್ಲಿ ಹೀಗಿರುತ್ತದೆ ಎಂದು ನಿಮಗೆ ಗೊತ್ತಿತ್ತೇ?" ಎಂದು ಇಂದುಮತಿ ಕೇಳಿದಳು.

"ಗೊತ್ತಿರದೆ ಏನಮ್ಮಾ? ಕಾವಲಲ್ಲೆಲ್ಲ ಅಣಬೆ ಏಳುತ್ತೆ, ಸಾರು ಮಾಡ್ತೀವಿ. ನಾವು ಅಗೆಯೋ ಕಡೆ ಮಾತ್ರ ಏಳ್ತಿರಲಿಲ್ಲ. ಅವತ್ತೇ ಹೇಳಿದ್ನಲ್ಲ, ಇಲ್ಲಿ ಏಳ್ತಿಲ್ಲ ಅಂತ. ನೀವೂ ಬರಕೊಂಡ್ರಿ."

ಇಂದುಮತಿ ಹಳೆಯ ಪುಸ್ತಕ ತೆಗೆದು ನೋಡಿದಳು. ಮಾತು ಇತ್ತು. 'ಇಲ್ಲಿ' ಎಂಬ ಪದ ಇರಲಿಲ್ಲ. ಅದರ ಜಾಗದಲ್ಲಿ ತಾನು 'ಕಾವಲಿನಲ್ಲಿ' ಎಂದು ಬರೆದಿದ್ದಳು.

ಎಳೆಗಳನ್ನು ಕಡಿದದ್ದು ಕುರಿಯ ಗೊರಸಲ್ಲ, ತನ್ನ ಸಲಿಕೆ ಎಂದು ಆಕೆಗೆ ಆಗ ಹೊಳೆಯಿತು. ಆದರೂ ಹೊಳೆದದ್ದನ್ನೇ ನಂಬಲಿಲ್ಲ. ಒಂದು ವರ್ಷ ತೆಗೆದುಕೊಂಡಳು. ಕಾವಲಿನ ಉದ್ದಗಲಕ್ಕೂ ಇನ್ನೂರು ಕಡೆ, ಒಂದು ಕಡೆ ಒಂದೇ ಸಲ, ಮಣ್ಣು ತೆಗೆದಳು. ಬೇಲಿಯ ಒಳಗೂ ಹೊರಗೂ ಇಂಗಾಲ ಒಂದೇ ಸಮನಾಗಿತ್ತು. ಕೆಟ್ಟಿದ್ದವು ಹನ್ನೆರಡು ಚೌಕಗಳು ಮಾತ್ರ.

ಆಕೆಯ ಸಂಸ್ಥೆಯ ಹಿರಿಯರೊಬ್ಬರು ಬುದ್ಧಿ ಹೇಳಿದರು. ಹಳೆಯದನ್ನು ಕೆದಕಬೇಡ, ಇದನ್ನೇ ಹೊಸ ಶೋಧನೆಯೆಂದು ಬರೆ, ಓದುವವರು ತಾವೇ ಅರ್ಥ ಮಾಡಿಕೊಳ್ಳುತ್ತಾರೆ ಎಂದರು. ಅವರು ಕೆಟ್ಟವರಲ್ಲ, ಆಕೆಯ ಒಳ್ಳೆಯದನ್ನೇ ಬಯಸಿದವರು. ಇಂದುಮತಿ ಎರಡು ದಿನ ಮನೆಯಿಂದ ಹೊರಡಲಿಲ್ಲ. ಮೂರನೆಯ ದಿನ ಆಜ್ಞೆ ಹೊರಡಿಸಿದ್ದ ಅಧಿಕಾರಿಯ ಎದುರು ಹೋಗಿ ನಿಂತಳು. ಮೊದಲ ವರದಿ ತಪ್ಪು, ತಪ್ಪು ತನ್ನದು, ಆಜ್ಞೆಯನ್ನು ಹಿಂತೆಗೆದುಕೊಳ್ಳಬೇಕು ಎಂದು ಬರೆದುಕೊಟ್ಟಳು.

ಅಧಿಕಾರಿ ಓದಿ, "ಅಂದು ಹಾಗೆ ಬರೆದಿರಿ, ಇಂದು ಹೀಗೆ ಬರೆದಿದ್ದೀರಿ. ನಾವು ಯಾವುದನ್ನು ನಂಬಬೇಕು?" ಎಂದನು.

"ಇದನ್ನು," ಎಂದಳು ಇಂದುಮತಿ. "ಅದರಿಂದ ನನಗೆ ಹುದ್ದೆ ಬಂತು. ಇದರಿಂದ ಹೋಗುತ್ತದೆ."

ಹುದ್ದೆ ಹೋಯಿತು. ಆಜ್ಞೆ ಕೂಡಲೇ ಹೋಗಲಿಲ್ಲ. ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಸರಿಯಲು ಹದಿನಾಲ್ಕು ತಿಂಗಳು ಹಿಡಿಯಿತು. ಅಷ್ಟು ದಿನವೂ ಆಕೆ ವಾರಕ್ಕೊಮ್ಮೆ ಹೋಗಿ ಕಚೇರಿಯ ಬೆಂಚಿನ ಮೇಲೆ ಕೂತಳು. ಕೊನೆಗೆ ಕಾವಲು ತೆರೆಯಿತು. ನಲವತ್ತರಲ್ಲಿ ಹನ್ನೊಂದು ಮಂದೆಗಳು ತಿರುಗಿ ಬಂದವು. ಉಳಿದವರ ಬಳಿ ತರಲು ಕುರಿಗಳೇ ಇರಲಿಲ್ಲ.

ಓಬಕ್ಕನ ಬಳಿಯೂ ಇರಲಿಲ್ಲ. ಇಂದುಮತಿ ಹಟ್ಟಿಗೆ ಹೋಗಿ, ಆದದ್ದೆಲ್ಲವನ್ನೂ ಮುಚ್ಚುಮರೆಯಿಲ್ಲದೆ ಆಕೆಗೆ ಹೇಳಿದಳು. ಓಬಕ್ಕ ಕೊನೆಯವರೆಗೂ ಕೇಳಿದಳು. ಎದ್ದು ಒಳಗೆ ಹೋಗಿ ಒಂದು ಲೋಟ ನೀರು ತಂದು ಮುಂದಿಟ್ಟಳು. ಆಮೇಲೆ ಎಂದೂ ಅಗೆಯಲು ಬರಲಿಲ್ಲ. ಇಂದುಮತಿ ಆ ಕೆಲಸಕ್ಕೆ ಬೇರೆಯವರನ್ನು ಕರೆಯಲಿಲ್ಲ. ಬದುಕಿದ್ದಷ್ಟು ಕಾಲ ಸಲಿಕೆಯನ್ನು ತಾನೇ ಹಿಡಿದಳು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯನು "ಆಕೆ ಬೇಕೆಂದು ಏನನ್ನೂ ಮಾಡಲಿಲ್ಲ, ಗುರುಗಳೇ. ಕಂಡದ್ದನ್ನೇ ಹೇಳಿದಳು. ಆಕೆಯನ್ನು ತಪ್ಪಿತಸ್ಥೆ ಎಂದು ಯಾರೂ ಹೇಳಲಾರರು" ಎಂದನು.

ಗುರುಗಳು ಹೇಳಿದರು: "ಯಾರೂ ಹೇಳಲಿಲ್ಲ, ಆಕೆಯೇ ಹೇಳಿಕೊಂಡಳು, ಅದಕ್ಕೇ ಹನ್ನೊಂದು ಮಂದೆಗಳಾದರೂ ತಿರುಗಿ ಬಂದವು."