ಮೊದಲು ಅವರ ಮಾತು

ಈಗಿನವರಿಗೆ ಹೇಳಿದರೆ ನಂಬಿಕೆ ಬಾರದು. ಆಗ ಕಲ್ಲಬಸರಿಯ ಮಠಕ್ಕೆ ಬಾಗಿಲೇ ಇರಲಿಲ್ಲ. ಪೂಜ್ಯ ಮರುಳಯ್ಯಜ್ಜನವರು ದಾಸೋಹದ ಮನೆಯ ಮಣ್ಣಿನ ಕಟ್ಟೆಯ ಮೇಲೆ ಕುಳಿತು, ತೊಗರಿಬೇಳೆ ಹಸನು ಮಾಡುತ್ತಲೇ ಭಕ್ತರಿಗೆ ದರ್ಶನ ಕೊಡುತ್ತಿದ್ದರು. ಎಂಥ ಕಾಲವದು! ಕಣ್ಣಾರೆ ಕಂಡ ನಮ್ಮ ಹಿರಿಯರೇ ಪುಣ್ಯವಂತರು.

ಒಂದು ಮಧ್ಯಾಹ್ನ ಮಠದ ಪಾಠಶಾಲೆಯ ಅಡವಯ್ಯ ಶಾಸ್ತ್ರಿಗಳು ಧುಮುಗುಡುತ್ತ ಬಂದರು. ವಾದಕ್ಕೆ ನಿಂತರೆ ಹುಲಿ, ಸೋತು ಗೊತ್ತಿಲ್ಲ. ಅಲ್ಲಿಯೇ ಪಾಠ ಹೇಳುತ್ತಿದ್ದ ರುದ್ರಮುನಿಗಳು ಅವರ ಬಾಲ್ಯದ ಗೆಳೆಯರು, ಒಂದೇ ಗಂಗಾಳದಲ್ಲಿ ಉಂಡು ಬೆಳೆದವರು. ಆದರೆ ಮಕ್ಕಳಿಗೆ ಮೊದಲು ಮಂತ್ರ ಬಾಯಿಪಾಠವಾಗಬೇಕೋ, ಅರ್ಥ ತಿಳಿಯಬೇಕೋ ಎಂಬುದಕ್ಕೆ ಮಾತಿಗೆ ಮಾತು ಬೆಳೆದು, ಬಾಯಿಪಾಠವೇ ಮೊದಲು ಎನ್ನುವ ಅಡವಯ್ಯನವರು ತುಂಬಿದ ಸಭೆಯಲ್ಲಿ ಗೆಳೆಯನ ಬಾಯಿ ಮುಚ್ಚಿಸಿದ್ದರು. ಅಂದಿನಿಂದ ಮೂರು ವರ್ಷ ಮಾತಿಲ್ಲ, ಕತೆಯಿಲ್ಲ.

"ಅಜ್ಜಾರ, ಒಂದ ಒರಿಯಾಗ ಎರಡು ಕತ್ತಿ ಬ್ಯಾಡ. ವಾದದಾಗ ನಾ ಗೆದ್ದೀನಿ. ರುದ್ರಮುನಿನ್ನ ಬ್ಯಾರೆ ಊರಿಗೆ ಕಳಿಸ್ರಿ."

ಅಜ್ಜನವರು ಬೇಳೆಯಿಂದ ಕಣ್ಣೆತ್ತಲಿಲ್ಲ. "ಆಗಲಿ. ಆದ್ರ ಎದುರಿನವರ ಮಾತನ್ನ ಅವರು ಹೌದನ್ನೂ ಹಂಗ ಹೇಳಿ, ಆಮ್ಯಾಲೆ ಖಂಡಿಸೂದು ಈ ಮಠದ ಪದ್ಧತಿ. ಅವತ್ತು ಹೇಳಿದ್ರೇನು?"

"ಸಿಟ್ಟಿನ ಭರದಾಗ ಅದೆಲ್ಲಿ ಅಜ್ಜಾರ..."

"ಇವತ್ತು ಹೇಳ್ರಿ" ಎಂದು ರುದ್ರಮುನಿಗಳನ್ನು ಕರೆಸಿದರು.

ಇದೇನು ಮಹಾ ಎಂದುಕೊಂಡರು ಅಡವಯ್ಯನವರು. "ಬಾಯಿಪಾಠ ಅಂದ್ರ ಗಿಳಿಪಾಠ, ಅದು ಬ್ಯಾಡ ಅಂತಾರಿವರು."

ರುದ್ರಮುನಿಗಳು ತಲೆಯಲ್ಲಾಡಿಸಿದರು. "ನಾ ಹಂಗಂದಿಲ್ಲ."

"ಹುಡುಗರಿಗೆ ತ್ರಾಸ ಆಗ್ತೈತಿ ಅಂತಾರ."

"ಅದೂ ಅಂದಿಲ್ಲ."

ಸಭೆ ಸಭೆಗಳನ್ನು ಗೆದ್ದ ಪಂಡಿತರು, ಪಾಪ, ಬೆವೆತುಹೋದರು.

ಆಗ ಅಜ್ಜನವರು ಕಣ್ಣೆತ್ತಿ ನೋಡಿದರು. "ಹಂಗಾರ ನೀವು ಸೋಲಿಸಿದ್ದು ಯಾರನ್ನ, ಶಾಸ್ತ್ರಿಗಳ? ಕೇಳ್ರಿ ಅವರನ್ನ."

ಮೂರು ವರ್ಷದ ಬಿಗುಮಾನ ಬಿಟ್ಟು ಅಡವಯ್ಯನವರು ಕೇಳಿದರು: "ಅರ್ಥಾನ ಮೊದಲು ಅಂತ ಯಾಕಂತಿ, ರುದ್ರಾ?"

"ಸಣ್ಣವನಿದ್ದಾಗ ನಮ್ಮವ್ವ ದಿನಾ ನನ್ನ ಬಾಯಿಂದ ಮಂತ್ರ ಕೇಳತಿದ್ಲು. ಜೀವ ಹೋಗೂ ಮುಂದ ಕೈ ಹಿಡಕೊಂಡು, ‘ಇದರ ಅರ್ಥ ಏನೋ ಮಗನ?’ ಅಂದ್ಲು. ನನಗ ಪೂರಾ ಬಾಯಿಪಾಠ ಇತ್ತು. ಅರ್ಥ ಒಂದು ಗೊತ್ತಿರಲಿಲ್ಲ ನೋಡು."

ಆ ಅವ್ವನ ಕೈರೊಟ್ಟಿ ಉಂಡವರು ಅಡವಯ್ಯನವರೂ. ಇಷ್ಟು ವರ್ಷ ಒಮ್ಮೆಯಾದರೂ ಕೇಳಲಿಲ್ಲವಲ್ಲ ಎಂದು ಅವರಿಗೆ ದುಃಖ ಉಕ್ಕಿ ಬಂತು. ಕಣ್ಣೊರೆಸಿಕೊಂಡು, "ಕಲಿತವಗ ಅರ್ಥ ತಿಳೀದಿದ್ರ, ನಂಬಿ ಕೇಳಿದವರಿಗೆ ಏನು ಕೊಟ್ಟಾನು? ಇದು ನಿನ್ನ ಮಾತು. ಹೌದಲ್ಲ?" ಎಂದರು.

"ಹೌದು. ಇದ ನನ್ನ ಮಾತು."

"ಆದ್ರೂ ನಾ ಒಪ್ಪಂಗಿಲ್ಲ. ಎಳೇ ಬಾಯಿಗೆ ಹತ್ತಿದ್ದು ಸಾಯೂತನಕ ಉಳೀತೈತಿ. ಅರ್ಥ ಹಿಂದಿಂದ ಬರತೈತಿ."

ಅಜ್ಜನವರು ಮನಸಾರೆ ನಕ್ಕರು. "ಈಗ ಸುರು ಆತು ನೋಡ್ರಿ ವಾದ!"

ಯಾರೂ ಊರು ಬಿಡಲಿಲ್ಲ. ಬೆಳಿಗ್ಗೆ ಅಡವಯ್ಯನವರ ಬಾಯಿಪಾಠ, ಮಧ್ಯಾಹ್ನ ರುದ್ರಮುನಿಗಳ ಅರ್ಥಪಾಠ, ಸಂಜೆ ಕಟ್ಟೆಯ ಮೇಲೆ ಇಬ್ಬರ ಜಗಳ. ಆ ಜಗಳ ಕೇಳಲೆಂದೇ ಊರ ಜನ ಕೆಲಸ ಬಿಟ್ಟು ಬರುತ್ತಿದ್ದರಂತೆ.

ಅಜ್ಜನವರು ಲಿಂಗೈಕ್ಯರಾದರು, ರುದ್ರಮುನಿಗಳೂ ಹೋದರು. ಮುಪ್ಪಿನಲ್ಲಿ ಅಡವಯ್ಯನವರು ಪಾಠದ ನಡುವೆ ಗೆಳೆಯನ ವಾದವನ್ನು ಎಷ್ಟು ಅಂದವಾಗಿ ಹೇಳುತ್ತಿದ್ದರೆಂದರೆ, ಒಬ್ಬ ಶಿಷ್ಯ ತಡೆಯಲಾರದೆ ಕೇಳಿಯೇಬಿಟ್ಟ: "ಗುರುಗಳ, ಕಡೀಕ ನೀವೂ ಅವರ ಮಾತು ಒಪ್ಪಿದ್ರೇನು?"

"ಎಲ್ಲಿ ಒಪ್ಪೀನೋ! ಆದ್ರ ಅವ ಇಲ್ಲಲ್ಲಪಾ. ಅವನ ಮಾತು ನಾ ಹೇಳದಿದ್ರ ಯಾರು ಹೇಳಬೇಕು?"